ಮಣಿಸರ, ಮಾತ್ರೆ, ಸಹಿ: ಸಂತಾನ ನಿಯಂತ್ರಣದಲ್ಲಿ ನಿರ್ಧಾರ ಯಾರದು?

1930ರ ಜೂನ್ 11ರಂದು ಮೈಸೂರು ಸಂಸ್ಥಾನದ ಸರ್ಕಾರವು ತನ್ನ ನಾಲ್ಕು ಪ್ರಮುಖ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆಯಲು ಮಂಜೂರಾತಿ ನೀಡಿತು. ಆಗ ನಾಲ್ವಡಿ ಕೃಷ್ಣರಾಜ ಒಡೆಯರು ಅರಸರು, ಮಿರ್ಜಾ ಇಸ್ಮಾಯಿಲ್ ದಿವಾನರು. ಖಾಸಗಿಯವರು ನಡೆಸುತ್ತಿದ್ದ ಇಂತಹ ಚಿಕಿತ್ಸಾಲಯಗಳು ಅದಕ್ಕೂ ಮೊದಲೇ ಇದ್ದವು. ಆಮ್‌ಸ್ಟರ್‌ಡ್ಯಾಮಿನಲ್ಲಿ ಅಲೆಟ್ಟಾ ಯಾಕೋಬ್ಸ್ ಎಂಬ ವೈದ್ಯೆ 1882ರಲ್ಲಿಯೇ ಬಡ ಹೆಂಗಸರಿಗೆ ಈ ಬಗೆಯ ನೆರವು ಕೊಡುತ್ತಿದ್ದರು. ಆದರೆ ಒಂದು ಸರ್ಕಾರ ತನ್ನ ಖಜಾನೆಯ ಹಣದಿಂದ, ತನ್ನ ಆಸ್ಪತ್ರೆಯ ಛಾವಣಿಯ ಕೆಳಗೆ ಇದನ್ನು ಮಾಡಲು ಹೊರಟದ್ದು ಜಗತ್ತಿನಲ್ಲಿ ಅದೇ ಮೊದಲು ಎಂದು ಈ ವಿಷಯದ ಇತಿಹಾಸ ಬರೆದವರು ಗುರುತಿಸುತ್ತಾರೆ.

ಅದೇ ವರ್ಷದ ಆಗಸ್ಟ್‌ನಲ್ಲಿ ಲಂಡನ್ನಿನ ಲ್ಯಾಂಬೆತ್ ಅರಮನೆಯಲ್ಲಿ ಸೇರಿದ್ದ ಆಂಗ್ಲಿಕನ್ ಬಿಷಪ್ಪರು, ನೈತಿಕವಾಗಿ ಗಟ್ಟಿಯಾದ ಕಾರಣವಿದ್ದಲ್ಲಿ ದಂಪತಿಗಳು ಕೃತಕ ವಿಧಾನಗಳನ್ನು ಬಳಸಬಹುದು ಎಂಬ ನಿರ್ಣಯವನ್ನು 193 ಮತಗಳಿಂದ ಅಂಗೀಕರಿಸಿದರು. ವಿರೋಧವಾಗಿ ಬಂದ ಮತಗಳು 67. ಡಿಸೆಂಬರ್ 31ರಂದು ರೋಮಿನಿಂದ ಉತ್ತರ ಬಂತು. ಪೋಪ್ ಹನ್ನೊಂದನೆಯ ಪಯಸ್ ತಮ್ಮ ವಿಶ್ವಪತ್ರದಲ್ಲಿ, ದಾಂಪತ್ಯದ ಕೂಟದಿಂದ ಸಂತಾನದ ಸಾಧ್ಯತೆಯನ್ನು ಉದ್ದೇಶಪೂರ್ವಕವಾಗಿ ತೆಗೆದುಹಾಕುವುದು ದೇವರ ಮತ್ತು ನಿಸರ್ಗದ ನಿಯಮಕ್ಕೆ ವಿರುದ್ಧವಾದ ಘೋರ ಪಾಪವೆಂದು ಸಾರಿದರು. ಏಳು ತಿಂಗಳೊಳಗೆ ಒಂದೇ ಪ್ರಶ್ನೆಗೆ ಮೂರು ಕಡೆಯಿಂದ ಮೂರು ಉತ್ತರ. ಎರಡು ಚರ್ಚುಗಳು ವಾದಿಸಿದ್ದು ಆ ವಿಧಾನ ಧರ್ಮಸಮ್ಮತವೇ ಎಂಬುದರ ಬಗ್ಗೆ. ಮೈಸೂರಿನ ಆದೇಶದೊಳಗೆ ಬೇರೊಂದು ಪ್ರಶ್ನೆಯ ಬೀಜವಿತ್ತು: ಹೆರಿಗೆಯ ಲೆಕ್ಕವು ಗಂಡ-ಹೆಂಡಿರ ಮಾತಾಗಿ ಉಳಿಯದೆ ಸರ್ಕಾರದ ಕೆಲಸವೂ ಆದಾಗ, ಕೊನೆಯ ಮಾತು ಯಾರದು? ಮೊದಲ ಪ್ರಶ್ನೆಯ ಬಿಸಿ ಬಹುಮಟ್ಟಿಗೆ ಆರಿದೆ. ಎರಡನೆಯದು ಇಂದಿಗೂ ಜಿಲ್ಲಾಸ್ಪತ್ರೆಯ ವಾರ್ಡಿನಲ್ಲಿ ದಿನನಿತ್ಯ ಎದುರಾಗುತ್ತದೆ.

ವಾದಗಳನ್ನು ಅರ್ಥಮಾಡಿಕೊಳ್ಳಲು ದೇಹದ ಲೆಕ್ಕ ಸ್ವಲ್ಪ ಗೊತ್ತಿರಬೇಕು. ಹೆಣ್ಣಿನ ಅಂಡಾಶಯದಿಂದ ಪ್ರತಿ ಋತುಚಕ್ರದಲ್ಲಿ ಸಾಮಾನ್ಯವಾಗಿ ಒಂದು ಅಂಡ ಬಿಡುಗಡೆಯಾಗುತ್ತದೆ ಮತ್ತು ಅದು ಬದುಕುವುದು ಹೆಚ್ಚೆಂದರೆ ಒಂದು ದಿನ. ವೀರ್ಯಾಣು ಮಾತ್ರ ಹೆಣ್ಣಿನ ದೇಹದೊಳಗೆ ಐದು ದಿನಗಳವರೆಗೂ ಜೀವಂತವಾಗಿರಬಲ್ಲದು. ಆದ್ದರಿಂದ ಒಂದು ಚಕ್ರದಲ್ಲಿ ಗರ್ಭ ನಿಲ್ಲಬಹುದಾದ ಅವಧಿ ಸುಮಾರು ಆರು ದಿನಗಳದು. ಅಂಡ ಬಿಡುಗಡೆಯಾಗದಂತೆ ನೋಡಿಕೊಳ್ಳುವುದು, ವೀರ್ಯಾಣು ಅಂಡವನ್ನು ತಲುಪದಂತೆ ತಡೆಯುವುದು, ಆ ಆರು ದಿನ ಕೂಡದೆ ಇರುವುದು: ಮನುಷ್ಯರು ಕಂಡುಕೊಂಡ ಹೆಚ್ಚುಕಡಿಮೆ ಎಲ್ಲ ವಿಧಾನಗಳೂ ಇವುಗಳಲ್ಲಿ ಒಂದನ್ನೋ ಎರಡನ್ನೋ ಮಾಡುತ್ತವೆ. ಅಂಡ ಯಾವಾಗ ಬಿಡುಗಡೆಯಾಗುತ್ತದೆ ಎಂಬುದು ಖಚಿತವಾದದ್ದು 1920ರ ದಶಕದಲ್ಲಿ, ಜಪಾನಿನ ಓಗಿನೊ ಮತ್ತು ಆಸ್ಟ್ರಿಯಾದ ಕ್ನಾವ್ಸ್ ಎಂಬ ವೈದ್ಯರು ಬೇರೆಬೇರೆಯಾಗಿ ನಡೆಸಿದ ಅಧ್ಯಯನಗಳಿಂದ. ಅಲ್ಲಿಯವರೆಗೆ ಮನುಷ್ಯಕುಲ ಕತ್ತಲಲ್ಲಿಯೇ ತಡಕಾಡಿತ್ತು.

ಆ ತಡಕಾಟಕ್ಕೆ ದಾಖಲೆಗಳಿವೆ. ಕ್ರಿಸ್ತಪೂರ್ವ 1850ರ ಆಸುಪಾಸಿನ ಈಜಿಪ್ಟಿನ ಒಂದು ಪಪೈರಸ್ ಸುರುಳಿಯಲ್ಲಿ ಮೊಸಳೆಯ ಸಗಣಿಯಿಂದ ಮಾಡಿದ, ಯೋನಿಯಲ್ಲಿ ಇಟ್ಟುಕೊಳ್ಳುವ ಮದ್ದಿನ ಉಲ್ಲೇಖವಿದೆ. ನಮ್ಮ ಬೃಹದಾರಣ್ಯಕ ಉಪನಿಷತ್ತಿನ ಆರನೆಯ ಅಧ್ಯಾಯದಲ್ಲಿ, ಹೆಂಡತಿಗೆ ಗರ್ಭ ನಿಲ್ಲದಿರಲಿ ಎಂದು ಬಯಸುವವನು ಹೇಳಬೇಕಾದ ಮಂತ್ರವಿದೆ. ನಿಲ್ಲಲಿ ಎನ್ನುವವನಿಗೆ ಬೇಕಾದ ಮಂತ್ರ ಅದರ ಪಕ್ಕದಲ್ಲಿಯೇ ಇದೆ. ಮಂತ್ರದಿಂದ ಎಷ್ಟು ಪ್ರಯೋಜನವಾಯಿತೋ ಬೇರೆ ಮಾತು, ಆದರೆ ಸಂತಾನ ಬೇಡವೆನ್ನುವ ಬಯಕೆಯೇ ಪಶ್ಚಿಮದಿಂದ ಬಂದ ಕೆಡುಕು ಎಂದು ವಾದಿಸುವವರು ಆ ಪುಟವನ್ನು ತೆರೆದು ನೋಡುವುದು ಒಳ್ಳೆಯದು. ಇಸ್ಲಾಮಿನಲ್ಲಿ ಸ್ಖಲನಕ್ಕೆ ಮೊದಲು ಹಿಂದೆಗೆಯುವ ‘ಅಜ್ಲ್’ ಪದ್ಧತಿಯನ್ನು ಪ್ರವಾದಿಯವರ ಸಂಗಾತಿಗಳು ಅನುಸರಿಸುತ್ತಿದ್ದರೆಂಬ ಹದೀಸ್ ಇದೆ, ಮತ್ತು ಹನ್ನೊಂದು-ಹನ್ನೆರಡನೆಯ ಶತಮಾನದ ಧರ್ಮಶಾಸ್ತ್ರಜ್ಞ ಅಲ್ ಗಜಾಲಿಯವರು ಹೆಂಡತಿಯ ಜೀವರಕ್ಷಣೆಯಿಂದ ಹಿಡಿದು ದೊಡ್ಡ ಸಂಸಾರದ ಕಷ್ಟದವರೆಗೆ ಹಲವು ಕಾರಣಗಳಿಗೆ ಅದನ್ನು ಒಪ್ಪಿದ್ದಾರೆ. ವಿಶೇಷವೆಂದರೆ, ಹೆಂಡತಿಯ ಒಪ್ಪಿಗೆ ಬೇಕೇ ಬೇಡವೇ ಎಂಬ ಚರ್ಚೆಯನ್ನು ಆ ಕಾಲದ ಮುಸ್ಲಿಂ ನ್ಯಾಯಶಾಸ್ತ್ರಜ್ಞರು ಆಗಲೇ ನಡೆಸಿದ್ದರು.

ಹಳೆಯ ಉಪಾಯಗಳಿಗೂ ಹೊಸ ಕಾಲಕ್ಕೂ ನಡುವೆ ನಿಂತಿರುವುದು ರಬ್ಬರು. ಕುರಿಯ ಕರುಳಿನಿಂದ ಮಾಡಿದ ಚೀಲಗಳು, ಅಂದರೆ ಅಂದಿನ ಕಾಂಡೋಮುಗಳು, ಯೂರೋಪಿನ ಶ್ರೀಮಂತರಿಗೆ ಮೊದಲೇ ಗೊತ್ತಿದ್ದವು. ಗಂಧಕ ಬೆರೆಸಿ ರಬ್ಬರನ್ನು ಗಟ್ಟಿಗೊಳಿಸುವ ಕ್ರಮವನ್ನು ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಕಂಡುಕೊಂಡ ನಂತರ ಅದೇ ವಸ್ತು ಅಗ್ಗವಾಗಿ ಕಾರ್ಖಾನೆಯಲ್ಲಿ ತಯಾರಾಗತೊಡಗಿತು. ಅಗ್ಗವಾದದ್ದೇ ತಡ, ಅಪರಾಧವೂ ಆಯಿತು. ಗರ್ಭನಿರೋಧದ ಬಗೆಗಿನ ಒಂದು ಕಿರುಹೊತ್ತಗೆಯನ್ನು ಮರುಮುದ್ರಿಸಿದ್ದಕ್ಕಾಗಿ 1877ರಲ್ಲಿ ಲಂಡನ್ನಿನಲ್ಲಿ ಚಾರ್ಲ್ಸ್ ಬ್ರ್ಯಾಡ್ಲಾ ಮತ್ತು ಆನಿ ಬೆಸೆಂಟ್ ಅಶ್ಲೀಲತೆಯ ಮೊಕದ್ದಮೆ ಎದುರಿಸಿದರು. ಶಿಕ್ಷೆ ತಾಂತ್ರಿಕ ಕಾರಣದಿಂದ ಮೇಲ್ಮನವಿಯಲ್ಲಿ ಬಿದ್ದುಹೋಯಿತು, ಆದರೆ ಅದರ ಬೆನ್ನಿಗೇ ಬೆಸೆಂಟ್ ತಮ್ಮ ಮಗಳನ್ನು ಬಳಿಯಲ್ಲಿಟ್ಟುಕೊಳ್ಳುವ ಹಕ್ಕನ್ನು ಕಳೆದುಕೊಂಡರು. ಹದಿನಾರು ವರ್ಷಗಳ ಬಳಿಕ ಭಾರತಕ್ಕೆ ಬಂದು ನೆಲೆಸಿ ಥಿಯಾಸಫಿಯ ‘ಅಮ್ಮ’ ಎನಿಸಿದ ಬೆಸೆಂಟರೇ ಇವರು, ಆ ಹೊತ್ತಿಗೆ ತಮ್ಮ ಹಳೆಯ ನಿಲುವನ್ನು ಕೈಬಿಟ್ಟಿದ್ದರು ಎಂಬುದು ಕತೆಯ ಒಂದು ವಿಚಿತ್ರ ತಿರುವು. ಅಮೆರಿಕದಲ್ಲಿ 1873ರ ಕಾಮ್‌ಸ್ಟಾಕ್ ಕಾಯ್ದೆಯು ಗರ್ಭನಿರೋಧಕ ವಸ್ತುಗಳನ್ನೂ ಅವುಗಳ ಕುರಿತ ಮಾಹಿತಿಯನ್ನೂ ಅಂಚೆಯಲ್ಲಿ ಕಳಿಸುವುದನ್ನು ನಿಷೇಧಿಸಿತು. 1916ರಲ್ಲಿ ನ್ಯೂಯಾರ್ಕಿನ ಬ್ರೌನ್ಸ್‌ವಿಲ್ ಎಂಬ ಬಡ ವಲಸಿಗರ ಬಡಾವಣೆಯಲ್ಲಿ ಚಿಕಿತ್ಸಾಲಯ ತೆರೆದು, ಹತ್ತೇ ದಿನಗಳಲ್ಲಿ ಪೊಲೀಸರು ಅದನ್ನು ಮುಚ್ಚಿಸಿದ ಮೇಲೆ ಜೈಲಿಗೆ ಹೋದ ದಾದಿ ಮಾರ್ಗರೆಟ್ ಸ್ಯಾಂಗರ್ ಈ ಚಳವಳಿಯ ಮುಖವಾದರು.

ಭಾರತದಲ್ಲಿ ಈ ಕೆಲಸದ ಬೆಲೆ ತೆತ್ತವರಲ್ಲಿ ಮೊದಲಿಗರು ರಘುನಾಥ ಧೋಂಡೊ ಕರ್ವೆ. ವಿಧವಾ ವಿವಾಹ ಮತ್ತು ಸ್ತ್ರೀಶಿಕ್ಷಣಕ್ಕೆ ಬದುಕು ಮುಡಿಪಿಟ್ಟ ಮಹರ್ಷಿ ಕರ್ವೆಯವರ ಮಗ ಇವರು. ಮುಂಬಯಿಯಲ್ಲಿ 1921ರಲ್ಲಿ ಸಂತಾನ ನಿಯಂತ್ರಣ ಕೇಂದ್ರ ಆರಂಭಿಸಿದ್ದಕ್ಕೆ ಗಣಿತದ ಪ್ರಾಧ್ಯಾಪಕ ಹುದ್ದೆಯನ್ನು ಕಳೆದುಕೊಂಡರು. 1927ರಿಂದ ತಮ್ಮ ಕೊನೆಯವರೆಗೂ ‘ಸಮಾಜಸ್ವಾಸ್ಥ್ಯ’ ಎಂಬ ಮರಾಠಿ ಮಾಸಿಕ ನಡೆಸಿ ಅಶ್ಲೀಲತೆಯ ಮೊಕದ್ದಮೆಗಳನ್ನು ಎದುರಿಸಿದರು. ಅವುಗಳಲ್ಲಿ ಒಂದರಲ್ಲಿ ಅವರ ಪರವಾಗಿ ವಾದಿಸಿದ ವಕೀಲರು ಬಿ. ಆರ್. ಅಂಬೇಡ್ಕರ್. 1938ರ ನವೆಂಬರ್‌ನಲ್ಲಿ ಅಂಬೇಡ್ಕರರ ಸ್ವತಂತ್ರ ಕಾರ್ಮಿಕ ಪಕ್ಷವು ಮುಂಬಯಿ ಶಾಸನಸಭೆಯಲ್ಲಿ ಸಂತಾನ ನಿಯಂತ್ರಣದ ಸೌಲಭ್ಯಗಳನ್ನು ಸರ್ಕಾರವೇ ಒದಗಿಸಬೇಕೆಂಬ ನಿರ್ಣಯ ಮಂಡಿಸಿ ಸೋತಿತು. ದಕ್ಷಿಣದಲ್ಲಿ ಪೆರಿಯಾರರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಬೇರೆಯವರು ದೇಶದ ಬಡತನಕ್ಕಾಗಿ, ತಾಯಿಯ ಆರೋಗ್ಯಕ್ಕಾಗಿ, ಆಸ್ತಿ ಹಂಚಿಹೋಗದಿರಲಿ ಎಂಬುದಕ್ಕಾಗಿ ಗರ್ಭನಿರೋಧ ಬೇಕೆನ್ನುತ್ತಾರೆ, ನಾವು ಹೇಳುವುದು ಹೆಣ್ಣು ಸ್ವತಂತ್ರಳಾಗಿರಬೇಕು ಎಂಬ ಒಂದೇ ಕಾರಣಕ್ಕೆ ಎಂಬರ್ಥದಲ್ಲಿ ಅವರು ಬರೆದರು. ಆ ಕಾಲದ ಇಡೀ ಚರ್ಚೆಯಲ್ಲಿ ಇಷ್ಟು ನೇರವಾದ ಮಾತು ಬೇರೆ ಯಾರಿಂದಲೂ ಬಂದಂತೆ ನನಗೆ ಕಾಣುವುದಿಲ್ಲ, ಏಕೆಂದರೆ ಉಳಿದ ಬಹುತೇಕ ವಕಾಲತ್ತುಗಳಲ್ಲಿ ಹೆಣ್ಣಿನ ದೇಹ ಇನ್ನಾವುದೋ ಗುರಿಗೆ ಸಾಧನವಾಗಿತ್ತು. ಬಡವರು, ಕೆಳಜಾತಿಯವರು, ‘ಅಯೋಗ್ಯರು’ ಹೆರುವುದು ಕಡಿಮೆಯಾಗಲಿ ಎಂಬ ವಂಶಸುಧಾರಣೆಯ ವಾದ ಅಂದಿನ ಸಂತಾನ ನಿಯಂತ್ರಣ ಚಳವಳಿಯೊಳಗೆ ಧಾರಾಳವಾಗಿ ಬೆರೆತಿತ್ತು. ಸ್ಯಾಂಗರ್ ಕೂಡ ಅದರಿಂದ ಹೊರತಾಗಿರಲಿಲ್ಲ.

ವಿರೋಧಿಗಳಲ್ಲಿ ಗಾಂಧೀಜಿಯವರ ವಾದವನ್ನು ಮಾತ್ರ ಎರಡೇ ಸಾಲಿನಲ್ಲಿ ತಳ್ಳಿಹಾಕುವಂತಿಲ್ಲ. 1935ರ ಡಿಸೆಂಬರ್‌ನಲ್ಲಿ ಸ್ಯಾಂಗರ್ ವಾರ್ಧಾಕ್ಕೆ ಬಂದು ಅವರೊಂದಿಗೆ ಸುದೀರ್ಘವಾಗಿ ಮಾತನಾಡಿದರು. ಹೆಚ್ಚು ಮಕ್ಕಳು ಬೇಡ ಎಂಬುದರಲ್ಲಿ ಇಬ್ಬರಿಗೂ ಭಿನ್ನಾಭಿಪ್ರಾಯವಿರಲಿಲ್ಲ. ಗಾಂಧಿಯವರ ಆಕ್ಷೇಪ ಸಾಧನದ ಬಗ್ಗೆ: ಸಂತಾನದ ಉದ್ದೇಶವಿಲ್ಲದ ಕೂಟವು ಭೋಗ, ಉಪಕರಣವು ಆ ಭೋಗದ ಫಲದಿಂದ ಗಂಡಸನ್ನು ಪಾರುಮಾಡಿ ಹೆಣ್ಣನ್ನು ಅವನ ಲಾಲಸೆಯ ವಸ್ತುವನ್ನಾಗಿ ಮಾಡುತ್ತದೆ, ಆದ್ದರಿಂದ ಹೆಂಡತಿಯಾದವಳು ಗಂಡನಿಗೆ ಬೇಡವೆನ್ನಲು ಕಲಿಯಬೇಕು. ಸ್ಯಾಂಗರ್ ಅವರ ಉತ್ತರದಲ್ಲಿ ಎರಡು ಅಂಶಗಳಿದ್ದವು. ಹೆಣ್ಣಿಗೂ ಬಯಕೆಯುಂಟು ಎಂಬುದು ಒಂದು; ಬೇಡವೆಂದು ಹೇಳುವ ಸ್ಥಿತಿ ಎಷ್ಟು ಜನ ಹೆಂಡಂದಿರಿಗೆ ಇದೆ ಎಂಬುದು ಇನ್ನೊಂದು. ಮಾತುಕತೆಯ ಕೊನೆಗೆ, ‘ಸುರಕ್ಷಿತ ದಿನ’ಗಳಲ್ಲಿ ಮಾತ್ರ ಕೂಡುವ ಕ್ರಮದ ಬಗ್ಗೆ ತಮಗೆ ಅಷ್ಟು ತೀವ್ರವಾದ ಆಕ್ಷೇಪವಿಲ್ಲ, ಅದರಲ್ಲಿ ಸ್ವಲ್ಪವಾದರೂ ಸಂಯಮವಿದೆ ಎಂಬಲ್ಲಿಗೆ ಗಾಂಧಿ ಬಂದು ನಿಂತರು. ಹೆಂಡತಿಗೆ ನಿರಾಕರಣೆಯ ಅಧಿಕಾರವಿದೆ ಎಂದು 1935ರಲ್ಲಿ ಹೇಳಿದ್ದು ಸಣ್ಣ ಮಾತಲ್ಲ. ಆದರೆ ಆ ಸಲಹೆ ಯಾವ ಹಕ್ಕಿನ ಮೇಲೆ ನಿಂತಿತ್ತೋ ಆ ಹಕ್ಕನ್ನು ನಮ್ಮ ದಂಡಸಂಹಿತೆ ಇಂದಿಗೂ ಪೂರ್ತಿಯಾಗಿ ಕೊಟ್ಟಿಲ್ಲ: ಹದಿನೆಂಟು ದಾಟಿದ ಹೆಂಡತಿಯ ಮೇಲೆ ಗಂಡ ನಡೆಸುವ ಬಲವಂತದ ಸಂಭೋಗವನ್ನು ಅತ್ಯಾಚಾರದ ವ್ಯಾಖ್ಯೆಯಿಂದ ಹೊರಗಿಡುವ ವಿನಾಯಿತಿ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಮುಂದುವರಿದಿದೆ.

ಗಾಂಧಿಯವರು ಅರೆಮನಸ್ಸಿನಿಂದ ಒಪ್ಪಿದ ಆ ‘ಸುರಕ್ಷಿತ ದಿನ’ಗಳ ಪರೀಕ್ಷೆ ನಡೆದದ್ದು ನಮ್ಮ ರಾಮನಗರದಲ್ಲಿ. 1951ರ ಜನಗಣತಿ ದೇಶದ ಜನಸಂಖ್ಯೆಯನ್ನು 36 ಕೋಟಿ ಎಂದು ಎಣಿಸಿತು; ಮೊದಲ ಪಂಚವಾರ್ಷಿಕ ಯೋಜನೆ ಕುಟುಂಬ ಯೋಜನೆಗೆ 65 ಲಕ್ಷ ರೂಪಾಯಿ ತೆಗೆದಿರಿಸಿತು, ಮತ್ತು 1952ರಲ್ಲಿ ಭಾರತವು ಇದನ್ನು ರಾಷ್ಟ್ರೀಯ ಕಾರ್ಯಕ್ರಮವಾಗಿ ಕೈಗೊಂಡ ಮೊದಲ ದೇಶವಾಯಿತು. ಆದರೆ ಆಗಿನ ಆರೋಗ್ಯ ಸಚಿವೆ ರಾಜಕುಮಾರಿ ಅಮೃತ್ ಕೌರ್ ಗಾಂಧಿಯವರ ನಿಷ್ಠಾವಂತ ಅನುಯಾಯಿ. ಉಪಕರಣಗಳಿಗೆ ಅವರ ಮನಸ್ಸು ಒಪ್ಪಲಿಲ್ಲ. ಹಾಗಾಗಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಲ್ಲಿ, ಅಮೆರಿಕದ ವೈದ್ಯ ಏಬ್ರಹಾಂ ಸ್ಟೋನ್ ಅವರ ಸಲಹೆಯಂತೆ, ದೆಹಲಿಯ ಲೋಧಿ ಕಾಲನಿಯಲ್ಲಿಯೂ ಮೈಸೂರು ರಾಜ್ಯದ ರಾಮನಗರದಲ್ಲಿಯೂ ದಿನಗಣನೆಯ ವಿಧಾನವನ್ನು ಪ್ರಯೋಗಿಸಲಾಯಿತು. ಓದುಬರಹ ಬಾರದ ಹೆಂಗಸರಿಗಾಗಿ ಬಣ್ಣದ ಮಣಿಗಳ ಸರ ಸಿದ್ಧವಾಯಿತು: ದಿನಕ್ಕೊಂದು ಮಣಿ ಸರಿಸಬೇಕು, ಒಂದು ಬಣ್ಣ ಬಂದರೆ ಕೂಡಬಹುದು, ಇನ್ನೊಂದು ಬಂದರೆ ಕೂಡದು. ಆ ಸರದ ಸುತ್ತ ಹುಟ್ಟಿಕೊಂಡ ಕತೆಗಳು ಹಲವು. ಮಣಿ ಸರಿಸಿದರೆ ಸಾಕು ಗರ್ಭ ನಿಲ್ಲುವುದಿಲ್ಲ ಎಂದು ಅದನ್ನು ತಾಯತದಂತೆ ನಂಬಿದವರಿದ್ದರಂತೆ, ಮಗು ಆಟವಾಡುತ್ತಾ ಮಣಿಗಳನ್ನು ಹಿಂದುಮುಂದು ಮಾಡಿದ ಮನೆಗಳಿದ್ದವಂತೆ, ತಮ್ಮ ಮುಟ್ಟಿನ ಲೆಕ್ಕವನ್ನು ಅತ್ತೆ-ಮಾವ, ನೆರೆಹೊರೆಯವರಿಗೆಲ್ಲ ಕಾಣುವಂತೆ ಕೊರಳಲ್ಲಿ ಹಾಕಿಕೊಳ್ಳಲು ನಾಚಿದವರಿದ್ದರಂತೆ. ಈ ಕತೆಗಳನ್ನು ಹಳ್ಳಿಯವರ ಅಜ್ಞಾನವೆಂದು ನಗೆಯಾಡುತ್ತಾ ಹೇಳುವುದು ರೂಢಿ. ನನಗೆ ಕಾಣುವ ದೋಷವೇ ಬೇರೆ. ಋತುಚಕ್ರ ಎಲ್ಲರಿಗೂ ಒಂದೇ ಸಮನಾಗಿ ನಡೆಯುವುದಿಲ್ಲ. ಮೊಲೆಯೂಡಿಸುವ ಬಾಣಂತಿಗಂತೂ ಅದರ ಲೆಕ್ಕವೇ ಸಿಗುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಮಣಿ ಯಾವ ಬಣ್ಣದ್ದಾಗಿದ್ದರೂ ಅಂದಿನ ರಾತ್ರಿಯನ್ನು ತೀರ್ಮಾನಿಸುವವನು ಸರ ಹಾಕಿಕೊಂಡವಳಲ್ಲ, ಅವಳ ಗಂಡ.

ಈ ಕಾರಣಕ್ಕಾಗಿಯೇ ಮಾತ್ರೆ ದೊಡ್ಡ ಬದಲಾವಣೆಯಾಯಿತು. ಹೆಣ್ಣು ಯಾರ ಅಪ್ಪಣೆಯನ್ನೂ ಕೇಳದೆ, ಕೂಟದ ಹೊತ್ತಿಗೆ ಸಂಬಂಧವೇ ಇಲ್ಲದಂತೆ, ಬೆಳಿಗ್ಗೆ ನೀರಿನೊಂದಿಗೆ ನುಂಗಬಹುದಾದ ವಸ್ತು ಅದು. ಗರ್ಭಿಣಿಯ ದೇಹದಲ್ಲಿ ಹೊಸ ಅಂಡ ಬಿಡುಗಡೆಯಾಗದಂತೆ ತಡೆಯುವ ಹಾರ್ಮೋನಿನ ಗುಣವನ್ನೇ ಅದು ಬಳಸಿಕೊಳ್ಳುತ್ತದೆ. ಜೊತೆಗೆ ಗರ್ಭಕೊರಳಿನ ಲೋಳೆಯನ್ನು ಮಂದಗೊಳಿಸಿ ವೀರ್ಯಾಣುವಿನ ದಾರಿಯನ್ನು ಕಟ್ಟುತ್ತದೆ. ಮೆಕ್ಸಿಕೊದ ಕಾಡುಗೆಣಸಿನಿಂದ ಹಾರ್ಮೋನು ತಯಾರಿಸುವ ರಸಾಯನಶಾಸ್ತ್ರ, ಸಿಂಟೆಕ್ಸ್ ಪ್ರಯೋಗಾಲಯದಲ್ಲಿ 1951ರಲ್ಲಿ ಸಿದ್ಧವಾದ ಬಾಯಿಯಿಂದ ನುಂಗಬಹುದಾದ ಪ್ರೊಜೆಸ್ಟಿನ್ ಎಂಬ ಕೃತಕ ಹಾರ್ಮೋನು, ಗ್ರೆಗರಿ ಪಿಂಕಸ್ ಮತ್ತು ಮಿನ್ ಚುಯೆ ಚಾಂಗ್ ಅವರ ಪ್ರಯೋಗಗಳು, ಕ್ಯಾಥರೀನ್ ಮೆಕಾರ್ಮಿಕ್ ಎಂಬ ಸಿರಿವಂತೆಯ ಹಣ, ಇವೆಲ್ಲ ಒಂದೆಡೆ ಸೇರಿ 1960ರಲ್ಲಿ ಅಮೆರಿಕದ ಔಷಧ ಪ್ರಾಧಿಕಾರದ ಒಪ್ಪಿಗೆ ಸಿಕ್ಕಿತು. ಅದಕ್ಕೆ ಮೊದಲಿನ ದೊಡ್ಡ ಪ್ರಯೋಗ 1956ರಿಂದ ಪೋರ್ಟೊರಿಕೊದ ಬಡ ಹೆಂಗಸರ ಮೇಲೆ ನಡೆಯಿತು. ತಾವು ಸೇವಿಸುತ್ತಿರುವುದು ಇನ್ನೂ ಪರೀಕ್ಷೆಯಲ್ಲಿರುವ ಔಷಧ ಎಂಬುದನ್ನು ಅವರಿಗೆ ಸರಿಯಾಗಿ ತಿಳಿಸಿರಲಿಲ್ಲ. ತಲೆಸುತ್ತು, ವಾಕರಿಕೆಯ ದೂರುಗಳನ್ನು ಕಲ್ಪನೆಯೆಂದು ಬದಿಗೊತ್ತಲಾಯಿತು. ಹೆಣ್ಣಿನ ಸ್ವಾತಂತ್ರ್ಯದ ಹೆಸರಿನಲ್ಲಿ ಬಂದ ವಸ್ತುವಿನ ಹುಟ್ಟಿನಲ್ಲಿಯೇ ಇರುವ ಈ ಕಲೆಯನ್ನು ಒರೆಸಿಹಾಕಲಾಗದು. ಮೊದಲ ಮಾತ್ರೆಗಳಲ್ಲಿ ಹಾರ್ಮೋನಿನ ಪ್ರಮಾಣ ಇಂದಿನದಕ್ಕಿಂತ ಹಲವು ಪಟ್ಟು ಹೆಚ್ಚಿತ್ತು. ರಕ್ತ ಹೆಪ್ಪುಗಟ್ಟುವ ಅಪಾಯ ಬೆಳಕಿಗೆ ಬಂದ ಮೇಲೆ ಅದನ್ನು ಇಳಿಸುತ್ತಾ ಬಂದರು, ಮತ್ತು 1970ರಲ್ಲಿ ಅಮೆರಿಕದ ಸೆನೆಟ್ ನಡೆಸಿದ ವಿಚಾರಣೆಯಲ್ಲಿ ಹೆಂಗಸರೇ ಎದ್ದುನಿಂತು ಕೂಗಾಡಿದ ಬಳಿಕ ಅಡ್ಡಪರಿಣಾಮಗಳ ಚೀಟಿಯನ್ನು ಪೊಟ್ಟಣದೊಳಗೆ ಇಡುವ ಪದ್ಧತಿ ಬಂತು.

ಮಾತ್ರೆಯ ಪ್ರಯೋಗ ನಡೆಸಿದ ವೈದ್ಯರಲ್ಲಿ ಒಬ್ಬರಾದ ಜಾನ್ ರಾಕ್ ಶ್ರದ್ಧಾವಂತ ಕ್ಯಾಥೊಲಿಕ್. ದೇಹದಲ್ಲಿಯೇ ಇರುವ ಹಾರ್ಮೋನಿನಂತೆ ಕೆಲಸ ಮಾಡುವ ಮಾತ್ರೆಯು ‘ಸುರಕ್ಷಿತ ದಿನ’ಗಳನ್ನು ವಿಸ್ತರಿಸುವುದಷ್ಟೇ ಅಲ್ಲವೇ, ಹಾಗಿದ್ದ ಮೇಲೆ ಅದು ನಿಸರ್ಗಕ್ಕೆ ವಿರುದ್ಧ ಹೇಗಾದೀತು ಎಂಬುದು ಅವರ ವಾದವಾಗಿತ್ತು. ಚರ್ಚಿನ ತರ್ಕದ ದುರ್ಬಲ ಜಾಗವನ್ನು ಅದು ಮುಟ್ಟುತ್ತಿತ್ತು. ದಿನ ಎಣಿಸಿ ಗರ್ಭ ತಪ್ಪಿಸುವುದು ತಪ್ಪಲ್ಲ, ಮಾತ್ರೆ ನುಂಗಿ ತಪ್ಪಿಸುವುದು ತಪ್ಪು ಎನ್ನುವುದಾದರೆ ಇಬ್ಬರ ಉದ್ದೇಶವೂ ಒಂದೇ ಆಗಿರುವಾಗ ವ್ಯತ್ಯಾಸವೆಲ್ಲಿದೆ? ಚರ್ಚಿನ ಉತ್ತರವೂ ಹಗುರವಾದದ್ದಲ್ಲ: ಒಬ್ಬರು ಕೂಟವನ್ನು ತ್ಯಜಿಸುತ್ತಾರೆ, ಇನ್ನೊಬ್ಬರು ಕೂಟವನ್ನು ಇಟ್ಟುಕೊಂಡು ಅದರ ಅರ್ಥದ ಒಂದು ಭಾಗವನ್ನು ಕಿತ್ತುಹಾಕುತ್ತಾರೆ, ಉಪವಾಸವೂ ಉಂಡು ಕಕ್ಕುವುದೂ ಒಂದೇ ಅಲ್ಲ ಎಂಬ ಬಗೆಯ ತರ್ಕ ಅದು. ಪೋಪರೇ ನೇಮಿಸಿದ್ದ ಆಯೋಗದ ಬಹುಮತ 1966ರಲ್ಲಿ ಬದಲಾವಣೆಯ ಪರವಾಗಿ ವರದಿ ಕೊಟ್ಟಿತು. ಆರನೆಯ ಪಾಲ್ ಅದನ್ನು ಒಪ್ಪದೆ 1968ರ ಜುಲೈನ ವಿಶ್ವಪತ್ರದಲ್ಲಿ ಹಳೆಯ ನಿಷೇಧವನ್ನೇ ಎತ್ತಿಹಿಡಿದರು. ಅದೇ ಪತ್ರದಲ್ಲಿ ಅವರು ಕೊಟ್ಟ ಒಂದು ಎಚ್ಚರಿಕೆಯನ್ನು ಅವರ ಧರ್ಮದವರಲ್ಲದವರೂ ಓದಬೇಕು: ಇಂತಹ ಸಾಧನಗಳು ಸರ್ಕಾರಗಳ ಕೈಗೆ ಸಿಕ್ಕರೆ, ತಮಗೆ ಪರಿಣಾಮಕಾರಿ ಎನಿಸಿದ್ದನ್ನು ಅವು ಜನರ ಮೇಲೆ ಹೇರುವುದನ್ನು ತಡೆಯುವವರು ಯಾರು? ಎಂಟು ವರ್ಷಗಳ ನಂತರ ಭಾರತದಲ್ಲಿ ನಡೆದದ್ದು ಅದೇ.

ನಮ್ಮ ಕುಟುಂಬ ಯೋಜನೆ ಶುರುವಾದದ್ದು ಮನವೊಲಿಕೆಯಿಂದ. ಕೆಂಪು ತ್ರಿಕೋನ, ‘ನಾವಿಬ್ಬರು ನಮಗಿಬ್ಬರು’, ನಮ್ಮ ಕಡೆಯ ‘ಆರತಿಗೊಬ್ಬ ಮಗಳು, ಕೀರ್ತಿಗೊಬ್ಬ ಮಗ’ ಎಂಬ ಮಾತುಗಳು ಗೋಡೆಗೋಡೆಯ ಮೇಲೆ ಕಾಣುತ್ತಿದ್ದ ಕಾಲ ಅದು. 1968ರಲ್ಲಿ ಬಂದ ‘ನಿರೋಧ್’ ಕಾಂಡೋಮನ್ನು ಚಹಾ ಪುಡಿ, ಸಾಬೂನು, ಬ್ಯಾಟರಿ ಮಾರುವ ಕಂಪನಿಗಳ ಜಾಲದ ಮೂಲಕ ಮೂರಕ್ಕೆ 15 ಪೈಸೆಯಂತೆ ಕಿರಾಣಿ ಅಂಗಡಿಗಳಿಗೆ ತಲುಪಿಸಿದ್ದು ಜಗತ್ತಿನ ಮಾರಾಟಶಾಸ್ತ್ರದಲ್ಲಿಯೇ ಗಮನಾರ್ಹ ಪ್ರಯೋಗ. ಅದನ್ನು ತಯಾರಿಸಲು ಸರ್ಕಾರ ಕಟ್ಟಿದ ಹಿಂದುಸ್ತಾನ್ ಲೇಟೆಕ್ಸ್ ಸಂಸ್ಥೆಯ ಒಂದು ಕಾರ್ಖಾನೆ ಮುಂದೆ ಬೆಳಗಾವಿ ಜಿಲ್ಲೆಯ ಕಣಗಲಾದಲ್ಲಿ ತಲೆಯೆತ್ತಿತು. ಆದರೆ ಅಷ್ಟರಲ್ಲಿ ಗುರಿ ಎಂಬ ಭೂತ ಇಲಾಖೆಯನ್ನು ಹೊಕ್ಕಿತ್ತು. 1965ರಲ್ಲಿ ದೊಡ್ಡ ಪ್ರಮಾಣದಲ್ಲಿ ಅಳವಡಿಸಿದ ಲಿಪ್ಪೆಸ್ ಲೂಪ್ ಎಂಬ, ಗರ್ಭಕೋಶದೊಳಗೆ ಇಡುವ ವಂಕಿಯು, ರಕ್ತಸ್ರಾವವಾದಾಗ ಮರಳಿ ನೋಡುವ ವೈದ್ಯರಿಲ್ಲದೆ ಕೆಟ್ಟ ಹೆಸರು ಪಡೆಯಿತು. ಆಮೇಲೆ ಶಸ್ತ್ರಚಿಕಿತ್ಸೆಯ ಶಿಬಿರಗಳು ಬಂದವು. 1971ರ ಜುಲೈನಲ್ಲಿ ಕೇರಳದ ಎರ್ನಾಕುಲಂ ಜಿಲ್ಲೆಯ ಒಂದೇ ಶಿಬಿರದಲ್ಲಿ 63,000ಕ್ಕೂ ಹೆಚ್ಚು ಗಂಡಸರಿಗೆ ವೀರ್ಯಾಣು ಸಾಗುವ ನಾಳವನ್ನು ಕಟ್ಟುವ ವ್ಯಾಸೆಕ್ಟಮಿ ಆಯಿತು, ಬಂದವರಿಗೆ ಹಣವೂ ಅಕ್ಕಿ-ಬಟ್ಟೆಯ ಉಡುಗೊರೆಯೂ ಸಿಕ್ಕಿತು. ಹಸಿದವನಿಗೆ ಕೊಡುವ ಉಡುಗೊರೆ ಎಲ್ಲಿಯವರೆಗೆ ಪ್ರೋತ್ಸಾಹ, ಎಲ್ಲಿಂದಾಚೆಗೆ ಒತ್ತಾಯ ಎಂದು ಆಗ ಯಾರೂ ಹೆಚ್ಚು ಕೇಳಲಿಲ್ಲ.

1974ರಲ್ಲಿ ಬುಖಾರೆಸ್ಟಿನ ವಿಶ್ವ ಜನಸಂಖ್ಯಾ ಸಮ್ಮೇಳನದಲ್ಲಿ ಅಭಿವೃದ್ಧಿಯೇ ಅತ್ಯುತ್ತಮ ಗರ್ಭನಿರೋಧಕ ಎಂದ ಕರಣ್ ಸಿಂಗ್ ಅವರೇ, 1976ರ ಏಪ್ರಿಲ್‌ನಲ್ಲಿ ಆರೋಗ್ಯ ಸಚಿವರಾಗಿ ಹೊರಡಿಸಿದ ಜನಸಂಖ್ಯಾ ನೀತಿಯಲ್ಲಿ ಶಿಕ್ಷಣ ಮತ್ತು ಆರ್ಥಿಕ ಪ್ರಗತಿಗಾಗಿ ಕಾಯುತ್ತಾ ಕೂರಲಾಗದು ಎಂದರು. ತುರ್ತು ಪರಿಸ್ಥಿತಿಯ ಆ ವರ್ಷ, 1976-77ರಲ್ಲಿ, ದೇಶದಲ್ಲಿ 82 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆಗಳು ನಡೆದವು. ಅವುಗಳಲ್ಲಿ ಸುಮಾರು 62 ಲಕ್ಷ ವ್ಯಾಸೆಕ್ಟಮಿ. ಶಾಲಾ ಶಿಕ್ಷಕರಿಗೆ ‘ಕೇಸು’ ತರುವ ಗುರಿ, ಗುರಿ ಮುಟ್ಟದವರಿಗೆ ಸಂಬಳ ತಡೆ, ಪ್ರಮಾಣಪತ್ರವಿಲ್ಲದವರಿಗೆ ಸಾಲ-ಸವಲತ್ತು ನಿರಾಕರಣೆ. ಹರಿಯಾಣದ ಉಟಾವರ್‌ನಂತಹ ಹಳ್ಳಿಗಳನ್ನು ಪೊಲೀಸರು ಸುತ್ತುವರಿದು ಗಂಡಸರನ್ನು ಹಿಡಿದೊಯ್ದರು. ಇವೆಲ್ಲ ತುರ್ತು ಪರಿಸ್ಥಿತಿಯ ಅತಿರೇಕಗಳನ್ನು ವಿಚಾರಿಸಿದ ಶಾ ಆಯೋಗದ ಮುಂದೆ ದಾಖಲಾದವು. 1977ರ ಚುನಾವಣೆಯಲ್ಲಿ ಉತ್ತರ ಭಾರತದ ಮತದಾರ ಇದಕ್ಕೆ ಉತ್ತರ ಕೊಟ್ಟ; ಮರುವರ್ಷ ಶಸ್ತ್ರಚಿಕಿತ್ಸೆಗಳ ಸಂಖ್ಯೆ ಹತ್ತು ಲಕ್ಷದ ಕೆಳಗೆ ಕುಸಿಯಿತು. ಇಲಾಖೆಯ ಹೆಸರು ‘ಕುಟುಂಬ ಯೋಜನೆ’ಯಿಂದ ‘ಕುಟುಂಬ ಕಲ್ಯಾಣ’ ಆಯಿತು. ಗಂಡಸನ್ನು ಮತ್ತೆ ಮುಟ್ಟಲು ಯಾವ ಸರ್ಕಾರಕ್ಕೂ ಧೈರ್ಯ ಬರಲಿಲ್ಲ. ಭಾರವೆಲ್ಲ ಹೆಂಗಸಿನ ಮೇಲೆ ಬಿತ್ತು.

ಆ ಭಾರದ ಅಳತೆ 2019-21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಸಿಗುತ್ತದೆ. ಮದುವೆಯಾದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 37.9ರಷ್ಟು ಮಂದಿಗೆ ಅಂಡನಾಳ ಕಟ್ಟುವ ಟ್ಯುಬೆಕ್ಟಮಿ ಆಗಿದೆ. ವ್ಯಾಸೆಕ್ಟಮಿಯನ್ನು ಅವಲಂಬಿಸಿರುವ ದಂಪತಿಗಳು ಶೇ. 0.3. ಕರ್ನಾಟಕದಲ್ಲಿ ಹೆಂಗಸರ ಪ್ರಮಾಣ ಅರ್ಧಕ್ಕಿಂತ ಹೆಚ್ಚು, ಗಂಡಸರದು ಲೆಕ್ಕಕ್ಕೇ ಸಿಗದಷ್ಟು. ವೈದ್ಯಕೀಯವಾಗಿ ಇದು ತಲೆಕೆಳಗಾದ ಆಯ್ಕೆ. ವ್ಯಾಸೆಕ್ಟಮಿಗೆ ಹೊಟ್ಟೆ ಕೊಯ್ಯಬೇಕಿಲ್ಲ, ಸ್ಥಳೀಯ ಅರಿವಳಿಕೆ ಸಾಕು, ಅದೇ ದಿನ ಮನೆಗೆ ಹೋಗಬಹುದು; ಮೂರು ತಿಂಗಳು ಬೇರೆ ವಿಧಾನ ಬಳಸಿ ವೀರ್ಯಪರೀಕ್ಷೆ ಮಾಡಿಸಿಕೊಂಡರಾಯಿತು. ಗಂಡಸುತನಕ್ಕೂ ದುಡಿಯುವ ಶಕ್ತಿಗೂ ಅದರಿಂದ ಯಾವ ಕುಂದೂ ಇಲ್ಲ, ಏಕೆಂದರೆ ಕಟ್ಟುವುದು ವೀರ್ಯಾಣು ಸಾಗುವ ನಾಳವನ್ನೇ ಹೊರತು ಹಾರ್ಮೋನು ಹರಿಯುವ ರಕ್ತನಾಳವನ್ನಲ್ಲ. ಆದರೂ ‘ಅವರು ದುಡಿಯೋರು, ಅವರಿಗೆ ಬೇಡ’ ಎಂದು ಹೇಳಿ ಸೆರಗು ಬಿಗಿದು ಹೊರಡುವವಳು ಹೆಂಡತಿಯೇ. ಅವಳು ದುಡಿಯುವವಳಲ್ಲ ಎಂಬಂತೆ.

ಉಳಿದ ವಿಧಾನಗಳ ಬಲಾಬಲವನ್ನು ಬೇಗ ನೋಡಿಬಿಡಬಹುದು. ಸಾಮಾನ್ಯ ಬಳಕೆಯಲ್ಲಿ, ಅಂದರೆ ಮರೆವು-ಅವಸರಗಳೂ ಸೇರಿದಂತೆ, ಒಂದು ವರ್ಷದಲ್ಲಿ ನೂರು ದಂಪತಿಗಳ ಪೈಕಿ ಕಾಂಡೋಮಿನಲ್ಲಿ ಸುಮಾರು 13 ಮಂದಿಗೆ, ಮಾತ್ರೆಯಲ್ಲಿ ಸುಮಾರು 7 ಮಂದಿಗೆ, ತಾಮ್ರದ ವಂಕಿಯಲ್ಲಿ ಒಬ್ಬರಿಗಿಂತ ಕಡಿಮೆ ಗರ್ಭ ನಿಲ್ಲುತ್ತದೆ. ಹಿಂದೆಗೆಯುವ ಪದ್ಧತಿಯಲ್ಲಿ ಈ ಸಂಖ್ಯೆ 20ರ ಹತ್ತಿರ. ಲೈಂಗಿಕ ರೋಗಗಳನ್ನೂ ತಡೆಯುವುದು ಕಾಂಡೋಮ್ ಒಂದೇ. ‘ಛಾಯಾ’ ಎಂಬ ಹೆಸರಿನಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲಿ ಕೊಡುವ, ಹಾರ್ಮೋನಿಲ್ಲದ ವಾರದ ಮಾತ್ರೆ ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ರೂಪಿಸಿದ್ದು. ಮೂರು ತಿಂಗಳಿಗೊಮ್ಮೆ ಕೊಡುವ ಚುಚ್ಚುಮದ್ದು 2017ರಲ್ಲಿ ‘ಅಂತರಾ’ ಎಂಬ ಹೆಸರಿನಲ್ಲಿ ಸರ್ಕಾರಿ ಕಾರ್ಯಕ್ರಮವನ್ನು ಸೇರಿತು. ಅದಕ್ಕೆ ಮೊದಲು ಹಲವು ವರ್ಷಗಳ ಕಾಲ ಅದನ್ನು ವಿರೋಧಿಸಿದವರು ಧರ್ಮಗುರುಗಳಲ್ಲ, ಮಹಿಳಾ ಸಂಘಟನೆಗಳು. ಚುಚ್ಚಿದ ಮೇಲೆ ಬೇಡವೆಂದರೂ ಮೂರು ತಿಂಗಳು ದೇಹದಿಂದ ತೆಗೆಯಲಾಗದ ಔಷಧವನ್ನು, ಮಾಹಿತಿ ಕೊಡುವ ವ್ಯವಸ್ಥೆಯೇ ದುರ್ಬಲವಾಗಿರುವಲ್ಲಿ ಕೊಡುವುದು ಸರಿಯೇ ಎಂಬುದು ಅವರ ಪ್ರಶ್ನೆ. ಹೆಂಗಸು ಗುಟ್ಟಾಗಿ ಬಳಸಬಹುದಾದ ವಿಧಾನವನ್ನು ಅವಳಿಂದ ತಪ್ಪಿಸುವುದು ಸರಿಯೇ ಎಂಬುದು ಎದುರು ಪಕ್ಷದ ಪ್ರಶ್ನೆ. ಎರಡೂ ನ್ಯಾಯವಾದ ಪ್ರಶ್ನೆಗಳೇ.

ಧಾರ್ಮಿಕ ನೆಲೆಯ ವಾದದಲ್ಲಿ ಇಂದಿಗೂ ಬಿಸಿ ಉಳಿದಿರುವುದು ಗರ್ಭನಿರೋಧಕ್ಕೂ ಗರ್ಭಪಾತಕ್ಕೂ ನಡುವಿನ ಗೆರೆಯಲ್ಲಿ. ಜೀವ ಶುರುವಾಗುವುದು ಅಂಡ-ವೀರ್ಯಾಣು ಸೇರಿದ ಕ್ಷಣದಿಂದ ಎನ್ನುವವರಿಗೆ, ಆನಂತರ ಕೆಲಸ ಮಾಡುವ ಯಾವುದೇ ಸಾಧನ ಕೊಲೆಗೆ ಸಮಾನ. ವೈದ್ಯಶಾಸ್ತ್ರ ಗರ್ಭಧಾರಣೆಯನ್ನು ಎಣಿಸುವುದು ಭ್ರೂಣವು ಗರ್ಭಕೋಶದ ಗೋಡೆಗೆ ಅಂಟಿಕೊಂಡಲ್ಲಿಂದ. ತಾಮ್ರದ ವಂಕಿ ಮುಖ್ಯವಾಗಿ ವೀರ್ಯಾಣುವನ್ನು ನಿಷ್ಕ್ರಿಯಗೊಳಿಸಿ ಮಿಲನವನ್ನೇ ತಪ್ಪಿಸುತ್ತದೆ; 72 ಗಂಟೆಗಳೊಳಗೆ ನುಂಗುವ ತುರ್ತು ಮಾತ್ರೆ ಅಂಡದ ಬಿಡುಗಡೆಯನ್ನು ಮುಂದೂಡುತ್ತದೆ, ನಿಂತ ಗರ್ಭವನ್ನು ಅದು ಅಲುಗಾಡಿಸದು. ಆದ್ದರಿಂದ ತುರ್ತು ಮಾತ್ರೆಯನ್ನು ಗರ್ಭಪಾತದ ಮಾತ್ರೆಯೆಂದು ಕರೆಯುವುದು ತಪ್ಪು, ಮೆಡಿಕಲ್ ಅಂಗಡಿಯ ಕೌಂಟರಿನಲ್ಲಿ ಈ ಎರಡನ್ನೂ ಒಂದೇ ಪಿಸುದನಿಯಲ್ಲಿ ಕೇಳುವವರಿದ್ದರೂ.

ಕಾನೂನು ನಿಧಾನವಾಗಿ ಹೆಣ್ಣಿನ ಕಡೆಗೆ ವಾಲಿದೆ, ಆದರೆ ನೇರವಾದ ದಾರಿಯಲ್ಲಲ್ಲ. ಎರಡಕ್ಕಿಂತ ಹೆಚ್ಚು ಮಕ್ಕಳಿರುವವರು ಪಂಚಾಯಿತಿ ಚುನಾವಣೆಗೆ ನಿಲ್ಲಬಾರದೆಂಬ ಹರಿಯಾಣದ ನಿಯಮವನ್ನು ಸುಪ್ರೀಂ ಕೋರ್ಟ್ 2003ರಲ್ಲಿ ಎತ್ತಿಹಿಡಿಯಿತು. 2009ರಲ್ಲಿ ಅದೇ ನ್ಯಾಯಾಲಯ ಹೆರುವ ಅಥವಾ ಹೆರದಿರುವ ಆಯ್ಕೆಯನ್ನು ಸಂವಿಧಾನದ 21ನೆಯ ವಿಧಿಯ ವೈಯಕ್ತಿಕ ಸ್ವಾತಂತ್ರ್ಯದ ಭಾಗವೆಂದಿತು. 2014ರ ನವೆಂಬರ್‌ನಲ್ಲಿ ಛತ್ತೀಸಗಢದ ಬಿಲಾಸಪುರದ ಬಳಿ ಒಂದೇ ಶಿಬಿರದಲ್ಲಿ ಕೆಲವೇ ಗಂಟೆಗಳಲ್ಲಿ 83 ಹೆಂಗಸರಿಗೆ ಶಸ್ತ್ರಚಿಕಿತ್ಸೆ ಮಾಡಿ, ಹತ್ತಕ್ಕೂ ಹೆಚ್ಚು ಮಂದಿ ಸತ್ತ ಮೇಲೆ, ಇಂತಹ ಶಿಬಿರಗಳನ್ನು ಮೂರು ವರ್ಷಗಳೊಳಗೆ ಕೊನೆಗೊಳಿಸಬೇಕೆಂದು 2016ರಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿತು. ಗರ್ಭನಿರೋಧಕ ವಿಫಲವಾದರೆ ಗರ್ಭಪಾತ ಮಾಡಿಸಿಕೊಳ್ಳುವ ಅವಕಾಶವನ್ನು ಗರ್ಭಪಾತ ಕಾಯ್ದೆಯ 2021ರ ತಿದ್ದುಪಡಿಯು ‘ಗಂಡ’ ಎಂಬ ಪದದ ಜಾಗದಲ್ಲಿ ‘ಸಂಗಾತಿ’ ಎಂದು ಬರೆದು ಮದುವೆಯಾಗದವರಿಗೂ ವಿಸ್ತರಿಸಿತು. ಇತ್ತೀಚೆಗೆ ಗಾಳಿ ತಿರುಗಿಯೂ ಇದೆ: ಜನಸಂಖ್ಯೆ ತಗ್ಗಿಸಿದ ದಕ್ಷಿಣದ ರಾಜ್ಯಗಳು ಕ್ಷೇತ್ರ ಮರುವಿಂಗಡಣೆಯಲ್ಲಿ ಲೋಕಸಭೆಯ ಪಾಲು ಕಳೆದುಕೊಳ್ಳುವ ಭಯದಲ್ಲಿ, ಹೆಚ್ಚು ಮಕ್ಕಳನ್ನು ಹೆರಿ ಎಂದು ರಾಜಕಾರಣಿಗಳು ಕರೆಕೊಡುವುದು ಕೇಳಿಬರುತ್ತಿದೆ. ಕಡಿಮೆ ಹೆರಿ ಎಂದವರಿಗೂ ಹೆಚ್ಚು ಹೆರಿ ಎನ್ನುವವರಿಗೂ ಲೆಕ್ಕದ ಪುಸ್ತಕ ಒಂದೇ.

ಕೇಂದ್ರ ಸರ್ಕಾರದ ಮಾರ್ಗಸೂಚಿಯ ಪ್ರಕಾರ, ಸಂತಾನಹರಣ ಶಸ್ತ್ರಚಿಕಿತ್ಸೆಗೆ ಮುಂದೆ ಬರುವ ವ್ಯಕ್ತಿಯ ಲಿಖಿತ ಒಪ್ಪಿಗೆ ಕಡ್ಡಾಯ, ಬಾಳಸಂಗಾತಿಯ ಒಪ್ಪಿಗೆ ಬೇಕಿಲ್ಲ. ಹೆಂಗಸಿಗೆ ವಯಸ್ಸು 22 ದಾಟಿರಬೇಕು, ಮದುವೆಯಾಗಿರಬೇಕು, ಒಂದು ವರ್ಷ ಮೀರಿದ ಒಂದು ಮಗುವಾದರೂ ಇರಬೇಕು ಎಂಬ ಷರತ್ತುಗಳು ಅದೇ ಮಾರ್ಗಸೂಚಿಯಲ್ಲಿವೆ. ಮಕ್ಕಳೇ ಬೇಡವೆಂದು ತೀರ್ಮಾನಿಸಿದವಳಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಅವು ಬಾಗಿಲು ಮುಚ್ಚುತ್ತವೆ. ಷರತ್ತುಗಳನ್ನೆಲ್ಲ ದಾಟಿ, ಎರಡನೆಯ ಹೆರಿಗೆಯಾದ ಮಾರನೆಯ ದಿನ ‘ಆಪರೇಷನ್ ಮಾಡಿಸಿಕೊಳ್ತೀನಿ’ ಎಂದು ಹೇಳಿದವಳ ಮಂಚದ ಬಳಿ ನರ್ಸಮ್ಮ ಒಪ್ಪಿಗೆಯ ಫಾರಂ ಹಿಡಿದು ಬರುತ್ತಾರೆ. ಎಷ್ಟೋ ಆಸ್ಪತ್ರೆಗಳಲ್ಲಿ ಅವರು ಕೇಳುವ ಮೊದಲ ಮಾತು ‘ನಿಮ್ಮ ಯಜಮಾನರು ಎಲ್ಲಿ, ಅವರ ಸಹಿ ಬೇಕು’ ಎಂಬುದು.